ಕುಂದಾದ್ರಿಯ ಮಂಜನ್ನು ನಾನೇ ಅಳಿಸಿದೆ

ಹೊಟ್ಟೆಪಾಡಿಗೆ ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಛಾಯಾಗ್ರಾಹಕನಾಗುವುದು ಭಾನುವಾರ ಮಾತ್ರ. ಕೈಯಲ್ಲಿರುವುದು 24 ಮೆಗಾಪಿಕ್ಸೆಲ್‌ನ ಹಳೆಯ ಕ್ಯಾಮೆರಾ, ಅದರ ಜೊತೆಗೇ ಬಂದ 18–55 ಲೆನ್ಸು, ಗಾಳಿಗೆ ನಡುಗುವ ಒಂದು ಟ್ರೈಪಾಡ್. ಗಾಳಿ ಜೋರಾದರೆ ಟ್ರೈಪಾಡಿನ ನಡುಗಂಬಕ್ಕೆ ಊಟದ ಚೀಲವನ್ನೇ ನೇತುಹಾಕುತ್ತೇನೆ. ತೀರ್ಥಹಳ್ಳಿಯ ಸುತ್ತ ಗುಡ್ಡಕ್ಕೂ ಗದ್ದೆಗೂ ಬರವಿಲ್ಲ, ಆದ್ದರಿಂದ ಪರವೂರಿಗೆ ಹೋಗುವ ಖರ್ಚು ಇದುವರೆಗೆ ಬಂದಿಲ್ಲ.

ಆ ಜನವರಿಯ ಬೆಳಿಗ್ಗೆ ಕುಂದಾದ್ರಿಯ ನೆತ್ತಿಯ ಬಂಡೆಯ ಮೇಲೆ ನಿಂತಾಗ ಇನ್ನೂ ಆರೂವರೆ. ಹಿಂದೆ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಬಂಡೆಯೊಳಗಿನ ಕೊಳ, ಎದುರಿಗೆ ಕಣಿವೆ ತುಂಬ ಮಂಜು. ಕೆಳಗಿನ ಊರು, ತೋಟ, ರಸ್ತೆ ಒಂದೂ ಕಾಣುತ್ತಿರಲಿಲ್ಲ. ಮೂರು ನಾಲ್ಕು ಗುಡ್ಡದ ತುದಿಗಳು ಮಾತ್ರ ಹಾಲಿನಲ್ಲಿ ಬಿದ್ದ ಬೆಲ್ಲದ ಉಂಡೆಗಳ ಹಾಗೆ ತೇಲುತ್ತಿದ್ದವು. ಎಂಬತ್ತು ಚಿತ್ರ ತೆಗೆದೆ. ಮನೆಗೆ ಬಂದು, ಸ್ನಾನವನ್ನೂ ಮಾಡದೆ, ಕಂಪ್ಯೂಟರ್ ಮುಂದೆ ಕುಳಿತೆ.

ಪರದೆಯಲ್ಲಿ ಮಂಜು ಬೂದಿಯ ಬಣ್ಣಕ್ಕಿತ್ತು. ನಾನು ಬಳಸುವುದು ಡಾರ್ಕ್‌ಟೇಬಲ್ ಎಂಬ ಉಚಿತ ತಂತ್ರಾಂಶ. ಅದರಲ್ಲಿ ಮಬ್ಬು ತೆಗೆಯುವ ಒಂದು ಸಾಧನವಿದೆ. ಅದನ್ನು ಬಲಕ್ಕೆ ಎಳೆದೆ. ಗುಡ್ಡಗಳ ಅಂಚು ಮೂಡಿತು. ಇನ್ನಷ್ಟು ಎಳೆದೆ. ಮರಗಳು ಬಂದವು. ಕಾಂಟ್ರಾಸ್ಟ್ (ಕತ್ತಲು-ಬೆಳಕಿನ ಅಂತರ) ಏರಿಸಿದೆ, ಹಸಿರನ್ನು ಏರಿಸಿದೆ, ಆಕಾಶಕ್ಕೆ ನೀಲಿ ಬಳಿದೆ. ಒಂದು ಗಂಟೆಯ ಕೆಲಸ ಮುಗಿದಾಗ ಕಣಿವೆ ಸ್ಪಷ್ಟವಾಗಿತ್ತು, ಮಂಜು ಇರಲಿಲ್ಲ. ಬೆಳಗಿನ ನಾಲ್ಕೂವರೆಗೆ ಎದ್ದು, ಚಳಿಯಲ್ಲಿ ಬೈಕ್ ಓಡಿಸಿ ಹೋದದ್ದು ಯಾವುದಕ್ಕೋ ಅದನ್ನೇ ನಾನು ಒರೆಸಿ ಹಾಕಿದ್ದೆ. ಆಗ ಅದು ಗೊತ್ತಾಗಲಿಲ್ಲ. ಬಹಳ ಚೆನ್ನಾಗಿದೆ ಎಂದೇ ಅನ್ನಿಸಿತ್ತು.

ಗೊತ್ತಾದದ್ದು ಅಮ್ಮನಿಂದ, ಅದೂ ಬೇರೊಂದು ಚಿತ್ರದಿಂದ. ಆಗಸ್ಟ್‌ನಲ್ಲಿ ತೆಗೆದ ಗದ್ದೆಯ ಚಿತ್ರವನ್ನು ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದವರು, "ಇದು ಯಾವ ಊರಿನ ಗದ್ದೆ ಮಾರಾಯ? ನಾಟಿ ಮಾಡಿ ತಿಂಗಳೂ ಆಗಿಲ್ಲ, ಇಷ್ಟು ಕಪ್ಪು ಹಸಿರು ಎಲ್ಲಿಂದ ಬಂತು?" ಎಂದರು. ಸಸಿಮಡಿಯ ಹಸಿರಿನಲ್ಲಿ ಹಳದಿ ಇರುತ್ತದೆ, ಹೊಡೆ ತುಂಬುವ ಹೊತ್ತಿಗೆ ಅದು ದಟ್ಟವಾಗುತ್ತದೆ, ಅಡಿಕೆ ತೋಟದ್ದು ಸ್ವಲ್ಪ ನೀಲಿಗೆ ತಿರುಗಿದ ಹಸಿರು. ಬದುಕೆಲ್ಲ ನೋಡಿದ ಕಣ್ಣಿಗೆ ಇವು ಮೂರು ಬೇರೆ ಬೇರೆ ಬಣ್ಣಗಳು. ನಾನು ಒಂದೇ ಸ್ಲೈಡರಿನಿಂದ ಮೂರನ್ನೂ ಒಂದೇ ಡಬ್ಬದ ಪೇಂಟಿನಲ್ಲಿ ಅದ್ದಿಬಿಟ್ಟಿದ್ದೆ. ಈಗ ಬಣ್ಣದ ಗಾಢತೆ ಏರಿಸುವ ಆ ಸ್ಯಾಚುರೇಶನ್ ಸ್ಲೈಡರನ್ನು ಮುಟ್ಟುವುದೇ ಅಪರೂಪ. ಹಸಿರು ತಪ್ಪೆನಿಸಿದರೆ ಮೊದಲು ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬೆಳಕಿನ ಬಣ್ಣವನ್ನು ಸರಿತೂಗಿಸುವುದು) ನೋಡುತ್ತೇನೆ, ಹತ್ತರಲ್ಲಿ ಎಂಟು ಸಲ ರೋಗ ಇರುವುದು ಅಲ್ಲೇ. ಕ್ಯಾಮೆರಾವನ್ನು ಆಟೋಗೆ ಬಿಟ್ಟರೆ ಅದು ಮುಂಜಾನೆಯ ನೀಲಿಯನ್ನೂ ಸೂರ್ಯೋದಯದ ಕೆಂಪನ್ನೂ ದೋಷ ಎಂದು ತಿಳಿದು ಸರಿಪಡಿಸಲು ಹೋಗುತ್ತದೆ. ಅದಕ್ಕೇ ಹಗಲು ಬೆಳಕಿನ 5,500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಆಸುಪಾಸಿಗೆ ಕಟ್ಟಿಹಾಕಿ, ಅಲ್ಲಿಂದ ಕಣ್ಣಿಗೆ ತಕ್ಕಂತೆ ಚೂರುಪಾರು ಸರಿಸುತ್ತೇನೆ.

ಕುಂದಾದ್ರಿಯ ಚಿತ್ರಕ್ಕೆ ಮರಳುತ್ತೇನೆ. ಮಂಜು ಬೂದಿಯಾದದ್ದು ಯಾಕೆಂಬುದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಕ್ಯಾಮೆರಾದ ಮೀಟರಿಗೆ ಜಗತ್ತೆಲ್ಲ ನಡುಬೂದು. ಚೌಕಟ್ಟು ತುಂಬ ಬೆಳ್ಳಗಿನ ಮಂಜು ಇಟ್ಟರೆ ಅದು ಬೆಳಕು ಹೆಚ್ಚಾಯಿತೆಂದು ಗಾಬರಿಗೊಂಡು ಎಲ್ಲವನ್ನೂ ಕತ್ತಲಿಗೆ ಇಳಿಸುತ್ತದೆ. ಮಬ್ಬು ತೆಗೆಯುವ ಸಾಧನಕ್ಕೆ ಕೈ ಹಾಕುವ ಬದಲು ನಾನು ಎಕ್ಸ್‌ಪೋಶರ್ ಅನ್ನು, ಅಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಒಂದು ಸ್ಟಾಪ್ (ಎರಡು ಪಟ್ಟು) ಏರಿಸಿದ್ದರೆ ಸಾಕಿತ್ತು. ಈಗ ಅದನ್ನು ಗುಡ್ಡದ ಮೇಲೆಯೇ ಮಾಡುತ್ತೇನೆ: ಸೂರ್ಯ ಮೂಡುವ ಮೊದಲು ಒಂದು ಸ್ಟಾಪ್ ಹೆಚ್ಚು. ಆಮೇಲೆ ಹಿಸ್ಟೋಗ್ರಾಂ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ಎಷ್ಟಿದೆ ಎಂದು ತೋರಿಸುವ ನಕ್ಷೆ) ಬಲಗೋಡೆಗೆ ತಾಗದಂತೆ ಇಳಿಸುತ್ತಾ ಬರುತ್ತೇನೆ.

ಈ ಬಲಗೋಡೆಯ ವಿಷಯದಲ್ಲಿ ನಾನು ಜಿಪುಣ. ಕಪ್ಪಾದ ಬಂಡೆಯಿಂದ ಒಂದಿಷ್ಟು ವಿವರವನ್ನು ಆಮೇಲೆ ಕೆದಕಿ ತೆಗೆಯಬಹುದು, ಚಿತ್ರ ಸ್ವಲ್ಪ ಮರಳುಮರಳಾಗುತ್ತದೆ ಅಷ್ಟೇ. ಪೂರ್ತಿ ಬೆಳ್ಳಗಾದ ಆಕಾಶದಲ್ಲಿ ಕೆದಕಲು ಏನೂ ಇರುವುದಿಲ್ಲ. ರಾ ಕಡತದಲ್ಲಿ, ಅಂದರೆ ಸೆನ್ಸರ್ ಕಂಡದ್ದನ್ನು ಕ್ಯಾಮೆರಾ ತಿದ್ದದೆ ಉಳಿಸುವ ಕಡತದಲ್ಲಿ, ತೆಗೆಯುವುದೂ ಇದಕ್ಕೇ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು, ನನ್ನ ಕ್ಯಾಮೆರಾದ 14 ಬಿಟ್ ರಾ ಕಡತದಲ್ಲಿ 16,384. ಮುಂಜಾನೆಯ ಆಕಾಶದಂತಹ ನಯವಾದ ಬಣ್ಣವನ್ನು ಎಳೆದಾಡಿದರೆ ಜೆಪೆಗ್ ಪಟ್ಟೆಪಟ್ಟೆಯಾಗಿ ಒಡೆಯುವುದು ಮೆಟ್ಟಿಲು ಕಡಿಮೆ ಇರುವುದರಿಂದಲೇ. ಒಂದೇ ದೃಶ್ಯವನ್ನು ಮೂರು ಎಕ್ಸ್‌ಪೋಶರ್‌ಗಳಲ್ಲಿ ತೆಗೆದು ಬೆಸೆಯುವ ವಿದ್ಯೆಯನ್ನೂ ಕಲಿತೆ. ಆದರೆ ಮಂಜು ನಿಲ್ಲುವ ವಸ್ತುವಲ್ಲ. ಮೂರು ಚಿತ್ರಗಳಲ್ಲಿ ಮೂರು ಕಡೆ ಇದ್ದ ಅದು ಬೆಸೆದಾಗ ನೀರಿಗೆ ಬಿದ್ದ ಕಾಗದದಂತೆ ಕಂಡಿತು. ಬಿಟ್ಟೆ.

ಹೋದ ಡಿಸೆಂಬರಿನಲ್ಲಿ ಅದೇ ಹಳೆಯ ಕಡತವನ್ನು ಮೊದಲಿನಿಂದ ತಿದ್ದಿದೆ. ದಿಗಂತ ಎಡಕ್ಕೆ ವಾಲಿತ್ತು, ನೇರ ಮಾಡಿದೆ. ಎಕ್ಸ್‌ಪೋಶರ್ ಒಂದು ಸ್ಟಾಪ್ ಮೇಲಕ್ಕೆ. ಆಕಾಶಕ್ಕೆ ಮಾತ್ರ ಮೇಲಿಂದ ಕೆಳಕ್ಕೆ ಕರಗುವ ಒಂದು ಮಾಸ್ಕ್ ಹಾಕಿ ಮುಕ್ಕಾಲು ಸ್ಟಾಪ್ ಕೆಳಕ್ಕೆ. ಕಾಂಟ್ರಾಸ್ಟ್ ಅನ್ನು ಇಡೀ ಚಿತ್ರಕ್ಕೆ ಕೊಡಲಿಲ್ಲ. ಹತ್ತಿರದ ಬಂಡೆಗೂ ಅದರ ಸಂದಿಯ ಒಣಹುಲ್ಲಿಗೂ ಕೊಟ್ಟೆ. ಮುಂದಿನದು ಗಟ್ಟಿಯಾಗಿ ಕಂಡರೆ ಹಿಂದಿನ ಮಂಜು ತಾನಾಗಿ ಇನ್ನಷ್ಟು ಹಗುರಾಗುತ್ತದೆ, ಅದನ್ನು ಮುಟ್ಟುವುದೇ ಬೇಡ. ದೂರದ ಗುಡ್ಡ ಮಸುಕಾಗಿಯೇ ಉಳಿಯಿತು. ಒಟ್ಟು ಹನ್ನೆರಡು ನಿಮಿಷ. ಮೊದಲ ಸಲ ಒಂದು ಗಂಟೆ ತೆಗೆದುಕೊಂಡಿದ್ದೆ.

ನಮ್ಮ ಕಡೆಯವರಿಗೆ ಒಂದು ಮಾತು ಹೇಳಲೇಬೇಕು. ತಿದ್ದುವುದಕ್ಕಿಂತ ಲೆನ್ಸ್ ಉಳಿಸಿಕೊಳ್ಳುವುದು ಇಲ್ಲಿ ದೊಡ್ಡ ಕೆಲಸ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಇರುವುದು ಇದೇ ತಾಲ್ಲೂಕಿನಲ್ಲಿ. ಜೂನ್‌ನಲ್ಲಿ ಚರ್ಮದ ಚೀಲದೊಳಗೆ ಇಟ್ಟ ನನ್ನ ಮೊದಲ ಲೆನ್ಸಿನ ಒಳಗಾಜಿನ ಮೇಲೆ ಸೆಪ್ಟೆಂಬರ್ ಹೊತ್ತಿಗೆ ಜೇಡನ ಬಲೆಯಂತೆ ಬೂಸ್ಟು ಹಬ್ಬಿತ್ತು. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ಅಕ್ಕಿ ಡಬ್ಬದಲ್ಲಿ ಇಡಿ ಎನ್ನುವವರ ಮಾತು ಕೇಳಬೇಡಿ, ಅಕ್ಕಿಯ ಪುಡಿ ಲೆನ್ಸಿನ ಸಂದಿಗೆಲ್ಲ ಸೇರುತ್ತದೆ.

ಇನ್ನು ಮುದ್ರಣ. ಮೊದಲ ಸಲ 12×18 ಇಂಚಿನ ಪ್ರಿಂಟ್ ಹಾಕಿಸಲು ಪೇಟೆಯ ಸ್ಟುಡಿಯೋಗೆ ಹೋದೆ. ಅಲ್ಲಿಯ ಹುಡುಗ ಪ್ರಿಂಟನ್ನು ಕೈಗಿಡುತ್ತ, "ಸರ್, ಇದು ರಾತ್ರಿ ತೆಗೆದದ್ದಾ?" ಎಂದು ಕೇಳಿದ. ತಪ್ಪು ಅವನದಲ್ಲ. ನಾನು ದೀಪ ಆರಿಸಿದ ಕೋಣೆಯಲ್ಲಿ, ಪರದೆಯ ಬೆಳಕನ್ನು ಪೂರ್ತಿ ಏರಿಸಿಕೊಂಡು ತಿದ್ದಿದ್ದೆ. ಪರದೆ ತಾನೇ ಉರಿಯುತ್ತದೆ, ಕಾಗದ ಹಾಗಲ್ಲ. ಈಗ ಹಗಲಿನಲ್ಲಿ, ಪರದೆಯ ಬೆಳಕನ್ನು ಅರ್ಧಕ್ಕಿಂತ ಕೆಳಗಿಟ್ಟು, ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟುಕೊಂಡು ಹೋಲಿಸಿ ತಿದ್ದುತ್ತೇನೆ. ದೊಡ್ಡ ಪ್ರಿಂಟಿಗೆ ಮೊದಲು ಅದೇ ಚಿತ್ರದ ಪೋಸ್ಟ್‌ಕಾರ್ಡ್ ಅಳತೆಯದನ್ನು ಹಾಕಿಸಿ ಕಿಟಕಿಯ ಬಳಿ ಹಿಡಿದು ನೋಡುತ್ತೇನೆ.

ಕುಂದಾದ್ರಿಯ ಹೊಸ ಪ್ರಿಂಟ್ ತೆಗೆದುಕೊಳ್ಳಲು ಹೋದಾಗ ಅದೇ ಹುಡುಗ ಇದ್ದ. ಈ ಸಲ ರಾತ್ರಿಯೋ ಹಗಲೋ ಕೇಳಲಿಲ್ಲ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಆಕಾಶದ ಮೂಲೆಯ ಒಂದು ಸಣ್ಣ ಕಪ್ಪು ಚುಕ್ಕೆಯ ಮೇಲೆ ಬೆರಳಿಟ್ಟು, "ಸೆನ್ಸರಿನ ಧೂಳು ಸರ್, ಒರೆಸಿಸಿ" ಎಂದ. ಮೂರು ವರ್ಷದಿಂದ ಅದನ್ನು ನಾನು ಹದ್ದು ಎಂದುಕೊಂಡಿದ್ದೆ.