ಮುಂದಿನ ಶಾಕಬ್ಸರ್ ಬಿಚ್ಚಿದ ಎರಡು ಭಾನುವಾರ

ಮನೆ ಮಂಡ್ಯ, ಕೆಲಸ ಮೈಸೂರು. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡೋದು ನಿಂತ ಮೇಲೆ ನಮ್ಮಂಥವರಿಗೆ ಸರ್ವಿಸ್ ರಸ್ತೆಯೇ ಗತಿ. ಆ ರಸ್ತೆಯಲ್ಲಿ ಹಂಪು, ಹಂಪಿನ ಪಕ್ಕ ಗುಂಡಿ, ಕಬ್ಬಿನ ಕಾಲದಲ್ಲಿ ಎದುರಿಗೆ ಲೈಟಿಲ್ಲದ ಟ್ರ್ಯಾಕ್ಟರು. ದಿನಕ್ಕೆ ನೂರು ಸಲ ಬ್ರೇಕ್ ಹಿಡೀಬೇಕು. ಹಿಡಿದಾಗಲೆಲ್ಲ ನನ್ನ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕು ಮೂಗು ನೆಲಕ್ಕೆ ಮುಟ್ಟಿಸೋ ಹಾಗೆ ಬಗ್ಗುತ್ತಿತ್ತು. ಹಂಪಿನ ಮೇಲೇ ಬ್ರೇಕ್ ಬಿದ್ದರೆ ಒಳಗೆಲ್ಲೋ 'ಟಕ್' ಅಂತ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು.

ಬೈಕನ್ನು ದೂರುವುದಿಲ್ಲ. ನನ್ನ ತೂಕ 92 ಕಿಲೋ. ಹಿಂದೆ ಹೆಂಡತಿ, ಪಕ್ಕಕ್ಕೆ ಎರಡು ಬ್ಯಾಗು, ಮುಂದೆ ಕ್ರ್ಯಾಶ್ ಗಾರ್ಡು. ಓಡಿರೋದು 48,000 ಕಿ.ಮೀ. ಅಷ್ಟು ದಿನದಲ್ಲಿ ಮುಂದಿನ ಫೋರ್ಕಿನ (ಚಕ್ರವನ್ನು ಎರಡೂ ಕಡೆ ಹಿಡಿದಿರುವ ಶಾಕಬ್ಸರ್ ಕಾಲುಗಳ) ಎಣ್ಣೆ ಬದಲಾಯಿಸಿಯೇ ಇರಲಿಲ್ಲ. ಎಂಜಿನ್ ಆಯಿಲ್ ಅಂದ್ರೆ ತಾರೀಖು ಬರೆದಿಟ್ಟು ಹಾಕಿಸುವ ನನಗೆ ಫೋರ್ಕಿನಲ್ಲೂ ಎಣ್ಣೆ ಇದೆ ಅನ್ನೋದೇ ಮರೆತುಹೋಗಿತ್ತು.

"ಇಪ್ಪತ್ತರ ಗಟ್ಟಿ ಎಣ್ಣೆ ಆಕ್ಬುಡು ಬಾವ, ಕಲ್ಲಂಗಾಯ್ತದೆ" ಅಂದ ಭಾಮೈದ. ಅವನು ಟ್ರ್ಯಾಕ್ಟರ್ ಬಿಚ್ಚಿ ಜೋಡಿಸುವವನು, ಮಾತಿಗೆ ಬೆಲೆ ಕೊಟ್ಟೆ. ಮೊದಲನೇ ಭಾನುವಾರ ಹಾಳಾಗಿದ್ದು ಹೀಗೆ.

ಮನೆ ಮುಂದೆ ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಕೆಳಗಿನ ಪ್ಲೇಟಿಗೆ ಮರದ ತುಂಡಿಟ್ಟು ಕಾರಿನ ಜಾಕ್ ಕೊಟ್ಟೆ. ಬ್ರೇಕ್ ಕ್ಯಾಲಿಪರ್ ಕಳಚಿ ತಂತಿಯಲ್ಲಿ ನೇತುಹಾಕಿದೆ. ಹೋಸ್ ಪೈಪಿನ ಮೇಲೆ ಅದರ ಭಾರ ಬೀಳಬಾರದು. ಪ್ಯಾಡುಗಳ ನಡುವೆ ರಟ್ಟು ತುರುಕಿದ್ದು ಒಳ್ಳೇದಾಯಿತು, ಯಾಕಂದ್ರೆ ಮಗ ಬಂದು ಬ್ರೇಕ್ ಲಿವರ್ ಎಳೆದೇ ಎಳೆದ. ಎಬಿಎಸ್ ಸೆನ್ಸರ್, ಚಕ್ರ, ಮಡ್‌ಗಾರ್ಡ್ ಬಂದವು. ಫೋರ್ಕನ್ನು ಹಿಡಿದಿರುವ ಮೇಲಿನ ಕ್ಲ್ಯಾಂಪು, ಕೆಳಗಿನ ಕ್ಲ್ಯಾಂಪಾದ 'ಟಿ' ಎರಡರ ಬೋಲ್ಟೂ ಸಡಿಲಿಸಿ ಫೋರ್ಕಿನ ಕಾಲನ್ನು ಸಲೀಸಾಗಿ ಕೆಳಗೆಳೆದುಕೊಂಡೆ.

ತಪ್ಪಾಗಿದ್ದು ಅಲ್ಲೇ. ಫೋರ್ಕಿನ ನೆತ್ತಿಯ ಮುಚ್ಚಳ ಇನ್ನೂ ಬಿಗಿಯಾಗಿಯೇ ಇತ್ತು. 41 ಮಿ.ಮೀ. ದಪ್ಪದ ನುಣ್ಣನೆಯ ಪೈಪು, ಮೇಲೆ ಎಣ್ಣೆಗೈ. ಮಂಡಿಗಳ ನಡುವೆ ಇಟ್ಟು, ಗೋಣಿಚೀಲ ಸುತ್ತಿ ಹಿಡಿದರೂ ಸ್ಪ್ಯಾನರ್ ಜೊತೆಗೆ ಪೈಪೂ ತಿರುಗುತ್ತೆ. ಕೊನೆಗೆ ಮತ್ತೆ ಬೈಕಿಗೇ ಏರಿಸಿ, ಕೆಳಗಿನ ಟಿ ಮಾತ್ರ ಬಿಗಿದು, ಮೇಲಿನ ಕ್ಲ್ಯಾಂಪು ಸಡಿಲವಾಗಿಯೇ ಬಿಟ್ಟು ತಿರುಗಿಸಿದೆ, ಒಂದೇ ಏಟಿಗೆ ಬಂತು. ಮೇಲಿನ ಕ್ಲ್ಯಾಂಪು ಬಿಗಿ ಇದ್ದರೆ ಅದು ಪೈಪಿನ ಮರೆಯನ್ನೇ (ತಿರುಪಿನ ಹಲ್ಲನ್ನೇ) ಅಮುಕಿ ಹಿಡಿದಿರುತ್ತೆ, ಮುಚ್ಚಳ ಬರೋದಿಲ್ಲ. ಕೊನೆ ಎರಡು ಸುತ್ತು ಬಾಕಿ ಇರುವಾಗ ಅಂಗೈಯಿಂದ ಒತ್ತಿ ಹಿಡಿದು ಬಿಚ್ಚಬೇಕು, ಮುಖ ದೂರ ಇರಲಿ. ಒಳಗಿನ ಸ್ಪ್ರಿಂಗು ಒತ್ತಿಕೊಂಡೇ ಕೂತಿರುತ್ತೆ.

ಎರಡೂ ಕಾಲು ತಲೆಕೆಳಗು ಮಾಡಿ ಬೇರೆ ಬೇರೆ ಡಬ್ಬಕ್ಕೆ ಬಸಿದೆ. ಬಂದದ್ದು ಎಣ್ಣೆ ಅನ್ನೋದಕ್ಕಿಂತ ಸೀಸದ ಬಣ್ಣದ ನೀರು, ಬಿಸಿಲಿಗೆ ಹಿಡಿದರೆ ಒಳಗೆ ಮಿಣಮಿಣ ಲೋಹದ ಪುಡಿ, ಮೀನು ಕೊಳೆತಂಥ ನಾತ. ಎಡಗಾಲಿನಲ್ಲಿ ಬಲಗಾಲಿಗಿಂತ ಸುಮಾರು 40 ಮಿ.ಲೀ. ಕಡಿಮೆ. ಪೈಪಿಗೆ ತೊಡಿಸಿರುವ ರಬ್ಬರ್ ಬೂಟು ಮೇಲೆತ್ತಿ ನೋಡಿದರೆ ಎಡಗಡೆ ಆಯಿಲ್ ಸೀಲ್ ಸುತ್ತ ಧೂಳು ಸೇರಿ ಕೆಸರಾಗಿತ್ತು. ಈ ಬೂಟು ಧೂಳು ತಡೆಯೋದು ನಿಜ, ಸೋರಿಕೆಯನ್ನೂ ಅಷ್ಟೇ ಚೆನ್ನಾಗಿ ಮುಚ್ಚಿಡುತ್ತೆ.

ಸೀಲ್ ಬದಲಾಯಿಸಬೇಕಾದರೆ ಕಾಲಿನ ತಳದಲ್ಲಿರುವ ಆಲನ್ ಬೋಲ್ಟ್ ಬಿಚ್ಚಬೇಕು. ಅದನ್ನು ತಿರುಗಿಸಿದರೆ ಒಳಗಿನ ಡ್ಯಾಂಪರ್ ರಾಡೂ ಜೊತೆಗೆ ಗಿರಗಿರ ತಿರುಗುತ್ತೆ. ಸ್ಪ್ರಿಂಗು, ಮುಚ್ಚಳ ಎರಡನ್ನೂ ವಾಪಸ್ ಹಾಕಿ ಒತ್ತಿ ಹಿಡಿದರೆ ರಾಡು ನಿಲ್ಲುತ್ತೆ. ಇದನ್ನು ಹೇಳಿಕೊಟ್ಟವರು ಗುತ್ತಲು ರಸ್ತೆ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್. ಭಾನುವಾರವಾದರೂ ಮನೆಯಲ್ಲೇ ಇಂಪ್ಯಾಕ್ಟ್ ಗನ್ ಇಟ್ಟು 'ಟರ್' ಅನ್ನಿಸಿ ಕೊಟ್ಟರು. "ಮೊದ್ಲೇ ಬಂದಿದ್ರೆ ಅರ್ಧ ಗಂಟೆ ಕೆಲ್ಸ ಕಣಪ್ಪ" ಅಂದರು. ಸೀಲು ಎರಡೂ ಕಡೆ ಹಾಕಿಸಿದೆ.

ಭಾಮೈದ ಹೇಳಿದ 20ಡಬ್ಲ್ಯು ಎಣ್ಣೆ (ನಂಬರು ದೊಡ್ಡದಾದಷ್ಟೂ ಎಣ್ಣೆ ಗಟ್ಟಿ) ಹಾಕಿ ಮುಚ್ಚಿ ಸಂಜೆ ಹೊಳಲು ಸರ್ಕಲ್ ತನಕ ಓಡಿಸಿದೆ. ಬ್ರೇಕ್ ಹಿಡಿದರೆ ಬಗ್ಗುವುದು ನಿಧಾನವಾಗಿತ್ತು. ಭಾಮೈದನಿಗೆ ಫೋನ್ ಮಾಡಿ ಹೊಗಳಿಯೂ ಬಿಟ್ಟೆ. ಸೋಮವಾರ ಬೆಳಗ್ಗೆ ಶ್ರೀರಂಗಪಟ್ಟಣ ಮುಟ್ಟುವಷ್ಟರಲ್ಲಿ ಕೈ ಜುಮ್ಮೆನ್ನುತ್ತಿತ್ತು. ಸಣ್ಣ ಸಣ್ಣ ಕಿತ್ತ ಡಾಂಬರೆಲ್ಲ ನೇರ ಹ್ಯಾಂಡಲ್‌ಗೆ ಹೊಡೀತಿತ್ತು. ದೊಡ್ಡ ಹಂಪಿನಲ್ಲಿ 'ಟಕ್' ಮಾತ್ರ ಹೋಗಿರಲಿಲ್ಲ.

ಯೋಚಿಸಿದರೆ ಅದು ಹಾಗೇ ಆಗಬೇಕಿತ್ತು. ಎಣ್ಣೆ ತಡ ಮಾಡುತ್ತೆ, ತಡೆಯೋದಿಲ್ಲ. ತಡೆಯೋದು ಸ್ಪ್ರಿಂಗು. ಈ ನಮೂನೆಯ ಫೋರ್ಕಿನಲ್ಲಿ ಎಣ್ಣೆ ಡ್ಯಾಂಪರ್ ರಾಡಿನ ಸಣ್ಣ ತೂತುಗಳಲ್ಲಿ ನುಗ್ಗಿ ಹೋಗಬೇಕು. ನಿಧಾನಕ್ಕೆ ಒತ್ತಿದರೆ ಹೋಗುತ್ತೆ, ಗುಂಡಿಯ ಅಂಚು ಥಟ್ಟನೆ ಹೊಡೆದರೆ ಗಟ್ಟಿ ಎಣ್ಣೆ ಅಷ್ಟು ಬೇಗ ದಾರಿ ಬಿಡೋದಿಲ್ಲ, ಪೆಟ್ಟು ಕೈಗೆ ಬರುತ್ತೆ. ಸಾಲಾಗಿ ಗುಂಡಿ ಸಿಕ್ಕಿದರೆ ಇನ್ನೂ ಕಷ್ಟ: ಒಂದರಿಂದ ಎದ್ದು ನಿಲ್ಲುವ ಮೊದಲೇ ಇನ್ನೊಂದು, ಫೋರ್ಕು ಕುಗ್ಗಿಕೊಂಡೇ ಹೋಗುತ್ತೆ. ಬ್ರೇಕ್ ಹಿಡಿದಾಗಲೂ ಅಷ್ಟೇ, ಮುಂಚೆ ಎಷ್ಟು ಆಳಕ್ಕೆ ಹೋಗುತ್ತಿತ್ತೋ ಅಷ್ಟೇ ಆಳ, ಸ್ವಲ್ಪ ತಡವಾಗಿ.

ಅಳತೆ ಮಾಡಿದ್ದು ಆಮೇಲೆ, ಮೊದಲೇ ಮಾಡಬೇಕಿತ್ತು. ಜಾಕ್ ಕೊಟ್ಟು ಮುಂದಿನ ಚಕ್ರ ಗಾಳಿಯಲ್ಲಿ ತೂಗಿಬಿಟ್ಟು, ಆಕ್ಸಲ್‌ನಿಂದ ಕೆಳಗಿನ ಟಿ ವರೆಗೆ ಟೇಪ್ ಹಿಡಿದೆ. ಮತ್ತೆ ನೆಲಕ್ಕಿಳಿಸಿ, ಹೆಲ್ಮೆಟ್ಟು ಬೂಟು ಸಮೇತ ನಾನು ಕೂತಾಗ ಹೆಂಡತಿ ಅದೇ ಎರಡು ಗುರುತಿನ ನಡುವೆ ಅಳೆದಳು. 68 ಮಿ.ಮೀ. ಕಡಿಮೆ. ಈ ಫೋರ್ಕಿನ ಒಟ್ಟು ಓಟ 200 ಮಿ.ಮೀ. ಸುಮ್ಮನೆ ಕೂತರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಖರ್ಚಾಗಿಹೋಗಿತ್ತು. ಸಾಮಾನ್ಯವಾಗಿ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರಲಿ ಅಂತಾರೆ.

ಲೇತ್ ಅಂಗಡಿಯಲ್ಲಿ ಒಬ್ಬರು ಹಳೇ ಸ್ಪ್ರಿಂಗನ್ನೇ ನಾಲ್ಕು ಸುತ್ತು ಕತ್ತರಿಸಿ, ಕಡಿಮೆ ಬಿದ್ದ ಉದ್ದಕ್ಕೆ ಪೈಪಿನ ತುಂಡು ಕೊಡೋಣ ಅಂದರು. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಬಿಗಿಯಾಗುತ್ತೆ, ಲೆಕ್ಕ ಸರಿಯೇ. ಆದರೆ ನನ್ನ ಹಳೇ ಸ್ಪ್ರಿಂಗುಗಳನ್ನು ಪಕ್ಕಪಕ್ಕ ನಿಲ್ಲಿಸಿದರೆ ಒಂದು ಇನ್ನೊಂದಕ್ಕಿಂತ 3 ಮಿ.ಮೀ. ಗಿಡ್ಡ. ದಣಿದ ಎತ್ತಿಗೆ ನೊಗ ಬದಲಾಯಿಸಿ ಏನು ಸುಖ? ಹೊಸದನ್ನೇ ತರಿಸಿದೆ, ಉದ್ದಕ್ಕೂ ಒಂದೇ ಬಿಗಿಯವು. ಕೈಯಲ್ಲಿ ಹಿಡಿದರೆ ಹಳೇದರ ತಂತಿಗೂ ಹೊಸದರ ತಂತಿಗೂ ವ್ಯತ್ಯಾಸವೇ ಕಾಣದು, ಇಷ್ಟಕ್ಕಾ ಇಷ್ಟು ದುಡ್ಡು ಅನ್ನಿಸಿತು. ವರ್ನಿಯರ್ ಇಟ್ಟು ಅಳೆದಾಗ ಹೊಸದರ ತಂತಿ ಕೂದಲೆಳೆಯಷ್ಟು ಹೆಚ್ಚು ದಪ್ಪ. ಅಷ್ಟು ಸಾಕು: ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತೆ. ಉಳಿದದ್ದೆಲ್ಲ ಒಂದೇ ಇದ್ದು ದಪ್ಪ ನೂರಕ್ಕೆ 5 ಹೆಚ್ಚಾದರೆ ಬಿಗಿ ನೂರಕ್ಕೆ ಸುಮಾರು 22ರಷ್ಟು ಹೆಚ್ಚು.

ಎರಡನೇ ಭಾನುವಾರ ಬಿಚ್ಚೋದು ಒಂದು ಗಂಟೆಯ ಕೆಲಸವಾಯಿತು. ಗಟ್ಟಿ ಎಣ್ಣೆ ಬಸಿದು, ಹೊಸ 10ಡಬ್ಲ್ಯು ಸ್ವಲ್ಪ ಸುರಿದು, ಏರಿಸಿ ಇಳಿಸಿ ಜಾಲಾಡಿ ಚೆಲ್ಲಿದೆ. ಸೀಮೆಎಣ್ಣೆಯಲ್ಲಿ ತೊಳೆಯೋರೂ ಇದ್ದಾರೆ, ಉಳಿದ ಹನಿ ಹೊಸ ಎಣ್ಣೆಯನ್ನು ತೆಳ್ಳಗೆ ಮಾಡುತ್ತೆ ಅಂತ ನಾನು ಹೋಗಲಿಲ್ಲ. ಫೋರ್ಕ್ ಆಯಿಲ್ ಡಬ್ಬದ ಮೇಲಿನ ನಂಬರನ್ನು ಪೂರ್ತಿ ನಂಬಬೇಡಿ. ಒಂದು ಕಂಪನಿಯ 10 ಇನ್ನೊಂದರ 10ಕ್ಕಿಂತ ಗಟ್ಟಿ ಇರಬಹುದು. 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಎಣ್ಣೆಯ ಗಟ್ಟಿತನದ ಅಳತೆ) ಅಂತ ಕೊಟ್ಟಿರುವ ಅಂಕಿ ನೋಡಿ ಹೋಲಿಸಬೇಕು.

ಎಣ್ಣೆಯನ್ನು ಅಳೆಯುವುದು ಲೋಟದಲ್ಲಲ್ಲ, ಮಟ್ಟದಲ್ಲಿ. ಸ್ಪ್ರಿಂಗ್ ಇಲ್ಲದೆ, ಫೋರ್ಕು ಪೂರ್ತಿ ಕುಗ್ಗಿಸಿ ನೆಟ್ಟಗೆ ನಿಲ್ಲಿಸಿದಾಗ ಪೈಪಿನ ಬಾಯಿಂದ ಎಣ್ಣೆಯ ಮೇಲ್ಮೈಗೆ ಎಷ್ಟು ಮಿ.ಮೀ. ಖಾಲಿ ಅನ್ನೋದು ಲೆಕ್ಕ. ಆ ಖಾಲಿ ಜಾಗದ ಗಾಳಿಯೂ ಕೊನೆಯಲ್ಲಿ ಸ್ಪ್ರಿಂಗಿನಂತೆ ಒತ್ತುತ್ತೆ. ಎರಡು ಕಾಲಿನಲ್ಲಿ ಬೇರೆ ಬೇರೆ ಆಗಬಾರದು. ಇದಕ್ಕೆ ದನದ ಔಷಧಿ ಅಂಗಡಿಯ ದಪ್ಪ ಸಿರಿಂಜು ತಂದೆ. ಮೂತಿಗೆ ಸಲೈನ್ ಟ್ಯೂಬು, ಟ್ಯೂಬಿಗೊಂದು ಕಡ್ಡಿ ಕಟ್ಟಿ, ಸ್ಪ್ರಿಂಗ್ ಜೊತೆ ಬಂದ ಚೀಟಿಯಲ್ಲಿದ್ದ ಅಳತೆಗೆ ಕೆಂಪು ದಾರ ಸುತ್ತಿದೆ. ಎಣ್ಣೆ ಸ್ವಲ್ಪ ಹೆಚ್ಚೇ ಸುರಿದು, ಹತ್ತು ಸಲ ನಿಧಾನ ಏರಿಸಿ ಇಳಿಸಿ, ಒಳಗಿನ ಗುಳ್ಳೆ ಹೋಗಲಿ ಅಂತ ಕಾಫಿ ಕುಡಿದು ಬಂದು, ದಾರ ಪೈಪಿನ ಬಾಯಿಗೆ ಬರುವಂತೆ ಇಳಿಸಿ ಎಳೆದೆ. ಹೆಚ್ಚಿನದ್ದೆಲ್ಲ ಸಿರಿಂಜಿಗೆ ಬಂದು, ಆಮೇಲೆ ಬರೀ ಗಾಳಿ. ಈ ದಪ್ಪದ ಪೈಪಿನಲ್ಲಿ 10 ಮಿ.ಮೀ. ವ್ಯತ್ಯಾಸ ಅಂದರೆ ಹತ್ತು-ಹನ್ನೊಂದು ಮಿ.ಲೀ. ಎಣ್ಣೆ. ಕಣ್ಣಂದಾಜಿಗೆ ಸಿಗುವಂಥದ್ದಲ್ಲ.

ಮುಚ್ಚಳ ಹಾಕಲು ಹೋದರೆ ಮರೆ ಹಿಡಿಯಲೇ ಇಲ್ಲ. ಭಾಮೈದ ಮೇಲಿಂದ ತೂಕ ಬಿಟ್ಟ, ನಾನು ತಿರುಗಿಸಿದೆ, ಕೈ ಜಾರಿ ಬೆರಳು ಕಿತ್ತಿತು. ಹತ್ತು ನಿಮಿಷ ಒದ್ದಾಡಿದ ಮೇಲೆ ಹೊಳೆಯಿತು: ಹೊಸ ಸ್ಪ್ರಿಂಗು ಹಳೇದಕ್ಕಿಂತ ಉದ್ದ, ನಾನು ಅಭ್ಯಾಸಬಲದಿಂದ ಹಳೇ ಸ್ಪೇಸರನ್ನೂ (ಸ್ಪ್ರಿಂಗಿನ ಮೇಲೆ ಕೂರುವ ಪೈಪಿನ ತುಂಡು) ಮೇಲಿಟ್ಟಿದ್ದೆ. ತೆಗೆದಿಟ್ಟೆ, ಮುಚ್ಚಳ ಕೂತಿತು. "ಓದ್ದೋರ್ ಕೆಲ್ಸ ಇಂಗೇಯ" ಅಂತ ಭಾಮೈದ ನಕ್ಕ. ಇಪ್ಪತ್ತರ ಎಣ್ಣೆ ಹೇಳಿದ್ದು ಯಾರು ಅಂತ ನಾನೂ ಕೇಳಿದೆ.

ಚಕ್ರ ಹಾಕಿ ಆಕ್ಸಲ್ ಬಿಗಿದ ಮೇಲೆ, ಅದರ ಕ್ಲ್ಯಾಂಪ್ ಬೋಲ್ಟ್ ಬಿಗಿಯುವ ಮುಂಚೆ, ಜಾಕ್ ಇಳಿಸಿ ನಾಲ್ಕೈದು ಸಲ ಮುಂಭಾಗ ಒತ್ತಿದೆ. ಎರಡು ಕಾಲು ತಮ್ಮ ಸಾಲಿಗೆ ತಾವೇ ಬಂದು ನಿಲ್ಲಲಿ ಅಂತ. ಹೊರಡುವ ಮುಂಚೆ ಬ್ರೇಕ್ ಲಿವರ್ ಗಟ್ಟಿಯಾಗುವ ತನಕ ಒತ್ತಬೇಕು, ಕ್ಯಾಲಿಪರ್ ಬಿಚ್ಚಿದ ಮೇಲೆ ಮೊದಲ ಒತ್ತಿಗೆ ಏನೂ ಹಿಡಿಯೋದಿಲ್ಲ.

ಟೇಪಿನಲ್ಲಿ ಈಗ 52 ಮಿ.ಮೀ. ಅದೇ ಸರ್ವಿಸ್ ರಸ್ತೆ, ಅದೇ ಹಂಪು. ಬ್ರೇಕಿಗೆ ಬಗ್ಗುತ್ತೆ, ಒಂದು ಕಡೆ ನಿಲ್ಲುತ್ತೆ. 'ಟಕ್' ಇಲ್ಲ. ಒಂದೇ ಹೊಸ ಕಾಟ: ಮುಂಭಾಗ ಎತ್ತರವಾದ್ದರಿಂದ ಮೇಲುಕೋಟೆ ಬೆಟ್ಟದ ತಿರುವುಗಳಲ್ಲಿ ಹ್ಯಾಂಡಲ್ ತುಸು ಸೋಮಾರಿ ಆಯಿತು. ಪೈಪುಗಳನ್ನು ಕ್ಲ್ಯಾಂಪಿನಲ್ಲಿ 5 ಮಿ.ಮೀ. ಮೇಲೆ ಸರಿಸಿ ಬಿಗಿದೆ, ಸರಿಹೋಯಿತು. 500 ಕಿ.ಮೀ. ಆದ ಮೇಲೆ ರಬ್ಬರ್ ಬೂಟು ಎತ್ತಿ ನೋಡಿದೆ, ಎರಡೂ ಪೈಪು ಒಣಗಿವೆ. ಈಗ ಹಿಂದೆ ಕೂರುವವಳು ಹಿಂದಿನ ಶಾಕಬ್ಸರ್ ಬಗ್ಗೆ ಕೇಳುತ್ತಿದ್ದಾಳೆ.