ಮರದ ನೆಲ ಹಾಕಿಸುವ ಮುಂಚೆ ಮನೆಯನ್ನು ಹದ ಮಾಡಿ

ಮಲೆನಾಡಿನ ಕಡೆಯವರಿಗೆ ಇದು ಗೊತ್ತಿರುತ್ತದೆ. ಆಷಾಢ ಬಂದರೆ ಸಾಕು, ಹಿತ್ತಲ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಭುಜ ಕೊಟ್ಟು ತಳ್ಳಿದರೆ ಮಾತ್ರ ತೆರೆಯುತ್ತದೆ. ಬೇಸಿಗೆಯಲ್ಲಿ ಅದೇ ಬಾಗಿಲ ಸಂದಿಯಲ್ಲಿ ಬೆಳಕು ಕಾಣುತ್ತದೆ. ನ್ಯೂಜೆರ್ಸಿಯಲ್ಲಿ ಮನೆ ಕೊಂಡು, ಕಾರ್ಪೆಟ್ ಕಿತ್ತು ಓಕ್ ನೆಲ ಹಾಕಿಸಲು ಹೊರಟಾಗ ನಾನು ಆ ಬಾಗಿಲನ್ನು ಮರೆತೇಬಿಟ್ಟಿದ್ದೆ.

ಆಗಸ್ಟ್ ತಿಂಗಳು. ಹಲಗೆಯ ಡಬ್ಬಗಳು ಬಂದು ಒಂದು ವಾರ ಗರಾಜಿನಲ್ಲಿ ಕೂತವು. ಕೆಲಸದವರು ಬಂದರು, ಎರಡೇ ದಿನದಲ್ಲಿ ಹೊಡೆದು ಮುಗಿಸಿದರು. ನೆಲ ಕನ್ನಡಿಯ ಹಾಗಿತ್ತು. ಜನವರಿಯಲ್ಲಿ ಹೀಟರ್ ಹಗಲೂ ರಾತ್ರಿ ಓಡತೊಡಗಿದ ಮೇಲೆ ಒಂದು ಬೆಳಿಗ್ಗೆ ಒಗ್ಗರಣೆಗೆ ತೆಗೆದ ಸಾಸಿವೆ ಕೈ ಜಾರಿತು. ಗುಡಿಸಲು ಹೋದರೆ ಕಾಳುಗಳು ಹಲಗೆಗಳ ಸಂದಿಯಲ್ಲಿ ಸಾಲಾಗಿ ಕೂತಿವೆ! ಹೇರ್‌ಪಿನ್ ಹಿಡಿದು ಒಂದೊಂದಾಗಿ ಎಬ್ಬಿಸಿದೆವು. ಕಂಟ್ರಾಕ್ಟರ್‌ಗೆ ಫೋನ್ ಮಾಡಿದರೆ, "ಚಳಿಗಾಲದಲ್ಲಿ ಮರ ಹಾಗೇ" ಎಂದ. ಸ್ವಲ್ಪ ಸಂದಿ ಬಿಡುವುದು ಸಹಜ, ಅದು ನಿಜ. ಆದರೆ ಆಗಸ್ಟಿನ ಸೆಕೆಯಲ್ಲಿ ತೇವ ಕುಡಿದು ಉಬ್ಬಿದ ಹಲಗೆಯನ್ನು ಹಾಗೇ ಹೊಡೆದರೆ ಸಂದಿ ಇನ್ನೂ ದೊಡ್ಡದಾಗುತ್ತದೆ. ಅದನ್ನು ಅವನು ಹೇಳಲಿಲ್ಲ.

ಹಾಗಾಗಿ ಮೊದಲು ನೋಡಬೇಕಾದದ್ದು ಬಣ್ಣ ಅಲ್ಲ, ತೇವ. ಮನೆಯೊಳಗೆ 60ರಿಂದ 80 ಡಿಗ್ರಿ ಫ್ಯಾರನ್‌ಹೀಟ್, ಗಾಳಿಯ ತೇವಾಂಶ ಶೇಕಡಾ 30ರಿಂದ 50: ಇಲ್ಲಿನ ಮರದ ನೆಲದವರು ಸಾಮಾನ್ಯವಾಗಿ ಕೇಳುವುದು ಇಷ್ಟು. ಹಲಗೆ ಬರುವುದಕ್ಕೆ ಕನಿಷ್ಠ ಐದು ದಿನ ಮೊದಲೇ ಎಸಿಯನ್ನೋ ಹೀಟರನ್ನೋ ಮಾಮೂಲಿಯಾಗಿ ಓಡಿಸುತ್ತಿರಿ. ಖಾಲಿ ಮನೆ ಅಲ್ವಾ, ಕರೆಂಟ್ ಬಿಲ್ ಯಾಕೆ ಎಂದು ಆಫ್ ಮಾಡಬೇಡಿ. ಡಬ್ಬಗಳು ಗರಾಜಿಗೆ ಹೋಗುವುದು ಬೇಡ, ನೆಲ ಹಾಕುವ ಕೋಣೆಯಲ್ಲೇ ಇರಲಿ. ಎಷ್ಟು ದಿನ ಎಂಬುದಕ್ಕೆ ಕ್ಯಾಲೆಂಡರ್ ನೋಡುವುದಕ್ಕಿಂತ ಮರದ ತೇವ ಅಳೆಯುವ ಮಾಯಿಶ್ಚರ್ ಮೀಟರ್ ನೋಡುವುದು ಮೇಲು. ಹೊಸ ಹಲಗೆಗೂ ಅದರ ಕೆಳಗಿನ ಸಬ್‌ಫ್ಲೋರ್‌ಗೂ (ತೊಲೆಗಳ ಮೇಲೆ ಹಾಸಿರುವ ಅಡಿನೆಲ) ತೇವದಲ್ಲಿ ಶೇಕಡಾ 4ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಹಲಗೆ ಮೂರು ಇಂಚು ಅಥವಾ ಅದಕ್ಕಿಂತ ಅಗಲ ಇದ್ದರೆ 2ಕ್ಕಿಂತ ಜಾಸ್ತಿ ಇರಬಾರದು. ಕೆಲಸದವರನ್ನು "ರೀಡಿಂಗ್ ಎಷ್ಟು ಬಂತು?" ಎಂದು ಕೇಳಿ. ಮುಖ ಮುಖ ನೋಡಿದರೆ ಅವರ ಹತ್ತಿರ ಮೀಟರೇ ಇಲ್ಲ ಎಂದರ್ಥ.

ಬೇಸ್‌ಮೆಂಟ್‌ಗೂ ಒಮ್ಮೆ ಇಳಿದು ನೋಡಿ. ಗೋಡೆ ಒದ್ದೆ, ಮುಗ್ಗಲು ವಾಸನೆ ಇದ್ದರೆ ಆ ತೇವ ಮೇಲಿನ ನೆಲಕ್ಕೇ ಏರುತ್ತದೆ. ಅದನ್ನು ಸರಿಮಾಡದೆ ಮರ ಹಾಕಿಸಬೇಡಿ. ಬೇಸ್‌ಮೆಂಟ್‌ನಲ್ಲೇ ಮರದ ನೆಲ ಬೇಕೆಂದರೆ ಇಡೀ ಒಂದೇ ಮರದ ಹಲಗೆ ಬೇಡ, ಎಂಜಿನಿಯರ್ಡ್ ಹಲಗೆ ಸರಿ. ಅಂದರೆ ಪ್ಲೈವುಡ್ ಪದರಗಳ ಮೇಲೆ ಅಸಲಿ ಮರದ ತೆಳು ಹಾಸು. ಕಾಂಕ್ರೀಟ್ ಸ್ಲ್ಯಾಬ್ ಮೇಲೆ ಕಟ್ಟಿದ ಮನೆಗೂ ಅದೇ ಮಾತು. ಟೆಕ್ಸಾಸ್, ಫ್ಲೋರಿಡಾದಲ್ಲಿರುವವರಿಗೆ ಇದು ಜಾಸ್ತಿ ಅನ್ವಯಿಸುತ್ತದೆ.

ಇನ್ನು ಕಂಟ್ರಾಕ್ಟರ್ ವಿಷಯ. ಊರಲ್ಲಿ ಮೇಸ್ತ್ರಿಗೆ ಅಡ್ವಾನ್ಸ್ ಕೊಟ್ಟು ಬಾಯಿಮಾತಿನಲ್ಲಿ ಮುಗಿಸುವ ಹಾಗೆ ಇಲ್ಲಿ ಮಾಡಬೇಡಿ. ನ್ಯೂಜೆರ್ಸಿಯಲ್ಲಿ ಮನೆ ರಿಪೇರಿ ಮಾಡುವವರು ರಾಜ್ಯದ ಗ್ರಾಹಕ ವ್ಯವಹಾರಗಳ ವಿಭಾಗದಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಣಿ ನಂಬರ್ 13VH ಎಂದು ಶುರುವಾಗುತ್ತದೆ, ಆನ್‌ಲೈನ್‌ನಲ್ಲೇ ಹುಡುಕಬಹುದು. 500 ಡಾಲರ್ ಮೀರಿದ ಕೆಲಸಕ್ಕೆ ಲಿಖಿತ ಒಪ್ಪಂದ ಕಡ್ಡಾಯ. ಸಹಿ ಹಾಕಿದ ಮೇಲೂ, ಒಪ್ಪಂದದ ಪ್ರತಿ ಕೈಸೇರಿದ ನಂತರ ರಜೆ ಬಿಟ್ಟು ಎಣಿಸಿದ ಮೂರನೇ ದಿನದ ಮಧ್ಯರಾತ್ರಿಯೊಳಗೆ ರದ್ದು ಮಾಡುವ ಹಕ್ಕು ನಿಮಗಿದೆ. ಇನ್ಶೂರೆನ್ಸ್ ಪ್ರತಿ ಕೇಳಿ, ಸಂಕೋಚ ಬೇಡ. ಬೇರೆ ರಾಜ್ಯದಲ್ಲಿ ನಿಯಮ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಮುಂಗಡವಾಗಿ ಒಟ್ಟು ಮೊತ್ತದ ಶೇಕಡಾ 10 ಅಥವಾ 1000 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಕೇಳಬಹುದು.

ಒಪ್ಪಂದದಲ್ಲಿ ಸಣ್ಣ ಸಣ್ಣ ವಿಷಯಗಳೂ ಬರಲಿ. ಹಳೆ ಕಾರ್ಪೆಟ್ ಕಿತ್ತು ಸಾಗಿಸುವವರು ಯಾರು? ಸೋಫಾ, ಮಂಚ ಸರಿಸುವವರು ಯಾರು? ಬಾಗಿಲ ಕೆಳಗಿನ ಅಂಚು ಕತ್ತರಿಸುವುದು, ಗೋಡೆಯ ಬುಡದ ಮರದ ಪಟ್ಟಿ, ಅಂದರೆ ಬೇಸ್‌ಬೋರ್ಡ್, ವಾಪಸ್ ಕೂರಿಸುವುದು ಲೆಕ್ಕದಲ್ಲಿದೆಯಾ? ಟಿವಿ, ಮೀನಿನ ತೊಟ್ಟಿಯನ್ನು ಸಾಮಾನ್ಯವಾಗಿ ಅವರು ಮುಟ್ಟುವುದಿಲ್ಲ. ಟೌನ್‌ಹೌಸ್ ಅಥವಾ ಕಾಂಡೋ ಆದರೆ ಇದಕ್ಕೂ ಮೊದಲು ಅಸೋಸಿಯೇಷನ್‌ನಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಕೆಳಗಿನ ಮನೆಯವರಿಗೆ ಸದ್ದು ಹೋಗದ ಹಾಗೆ ಹಲಗೆಯಡಿಗೆ ಯಾವ ಹಾಸು (ಅಂಡರ್‌ಲೇಮೆಂಟ್) ಹಾಕಬೇಕು ಎಂದು ಅಸೋಸಿಯೇಷನ್ ನಿಯಮದಲ್ಲಿ ಇರುತ್ತದೆ.

ಕಾರ್ಪೆಟ್ ಕೀಳುವುದನ್ನು ನೀವೇ ಮಾಡಿದರೆ ದುಡ್ಡು ಉಳಿಯುತ್ತದೆ. ಶನಿವಾರ ಒಬ್ಬ ಗೆಳೆಯ, ಎರಡು ಜೊತೆ ದಪ್ಪ ಗ್ಲೌಸ್ ಇದ್ದರೆ ಸಾಕು. ಗೋಡೆಯಂಚಿನ ಮೊಳೆಪಟ್ಟಿ ಕೈಗೆ ಚುಚ್ಚುತ್ತದೆ, ಹುಷಾರು. ಆದರೆ ಕೀಳುವ ಮೊದಲು ಯಾವುದಾದರೂ ಕ್ಲಾಸೆಟ್ ಮೂಲೆಯಲ್ಲಿ ಇಕ್ಕಳದಿಂದ ಕಾರ್ಪೆಟ್ ಎತ್ತಿ ಇಣುಕಿ. 1950ರ ದಶಕದ ಮನೆಗಳಲ್ಲಿ ಕೆಳಗೆ ಹಳೆಯ ಓಕ್ ನೆಲ ಮಲಗಿರುವುದುಂಟು! ಆಗ ಉಜ್ಜಿ ಪಾಲಿಶ್ ಮಾಡಿಸಿದರೆ ಮುಗಿಯಿತು. ಒಂಬತ್ತು ಇಂಚಿನ ಚೌಕದ ಹಳೆ ಟೈಲ್ಸ್, ಕಪ್ಪು ಅಂಟು ಕಂಡರೆ ಮಾತ್ರ ಕೈ ಹಿಂದಕ್ಕೆ ತೆಗೆಯಿರಿ. ಅದರಲ್ಲಿ ಆಸ್‌ಬೆಸ್ಟಾಸ್ ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಒಡೆಯದೆ, ಉಜ್ಜದೆ, ಮೊದಲು ಪರೀಕ್ಷೆ ಮಾಡಿಸಿ. 1978ಕ್ಕಿಂತ ಹಳೆಯ ಮನೆಯಾದರೆ ಬೇಸ್‌ಬೋರ್ಡ್ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯೂ ಇದೆ. ಅಂಬೆಗಾಲಿಡುವ ಮಕ್ಕಳಿರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಕಾರ್ಪೆಟ್ ಹೋದ ಮೇಲೆ ಸಬ್‌ಫ್ಲೋರ್ ಬರಿಮೈಯಲ್ಲಿ ಸಿಗುವುದು ಒಂದೆರಡು ದಿನ ಮಾತ್ರ. ರಾತ್ರಿ ಸದ್ದಡಗಿದ ಮೇಲೆ ಚಾಕ್‌ಪೀಸ್ ಹಿಡಿದು ಬರಿಗಾಲಲ್ಲಿ ಅಡಿ ಅಡಿಗೂ ನಡೆಯಿರಿ. ಕಿರ್ ಎಂದಲ್ಲೆಲ್ಲ ಗುರುತು ಹಾಕಿ. ಬೆಳಿಗ್ಗೆ ಅಲ್ಲಲ್ಲಿ ಕೆಳಗಿನ ತೊಲೆಗೆ ಸ್ಕ್ರೂ ಬಿಗಿಸಿದರೆ ಸದ್ದು ನಿಲ್ಲುತ್ತದೆ. ಮೇಲೆ ಓಕ್ ಬಿದ್ದ ಮೇಲೆ ಈ ಅವಕಾಶ ಇಲ್ಲ. ಉದ್ದನೆಯ ನೇರ ಪಟ್ಟಿ ಇಟ್ಟು ಏರುತಗ್ಗೂ ನೋಡಿ. ಹತ್ತು ಅಡಿಗೆ 3/16 ಇಂಚಿಗಿಂತ ಜಾಸ್ತಿ ಇದ್ದರೆ ಸಮ ಮಾಡಿಸಬೇಕು.

ಅಡುಗೆಮನೆಗೂ ಮರ ಹಾಕಿಸುವುದಾದರೆ ಡಿಶ್‌ವಾಷರ್ ಮರೆಯಬೇಡಿ. ಗೆಳೆಯರೊಬ್ಬರ ಮನೆಯಲ್ಲಿ ಅದನ್ನು ಇದ್ದಲ್ಲೇ ಬಿಟ್ಟು ಮುಂದೆ ಮುಕ್ಕಾಲು ಇಂಚಿನ ಹಲಗೆ ಹೊಡೆದರು. ಎರಡು ವರ್ಷದ ಮೇಲೆ ಮೆಷಿನ್ ಕೆಟ್ಟಿತು. ಮುಂದೆ ನೆಲದ ಅಂಚು, ಮೇಲೆ ಗ್ರಾನೈಟ್ ಕಟ್ಟೆ, ಹೊರಗೆಳೆಯಲು ಆಗಲೇ ಇಲ್ಲ. ಡಿಶ್‌ವಾಷರ್ ತೆಗೆದು ಅದರ ಕೆಳಗೂ ಅಷ್ಟೇ ಎತ್ತರ ಬರುವ ಹಾಗೆ ಹಾಕಿಸಿ. ಗ್ಯಾಸ್ ಒಲೆ ಬಿಚ್ಚಲು ಲೈಸೆನ್ಸ್ ಇರುವ ಪ್ಲಂಬರನ್ನೇ ಕರೆಯಿರಿ. ಮೆಟ್ಟಿಲಿನ ಬುಡದಲ್ಲೂ ನೆಲ ಏರಿದಷ್ಟು ಮೊದಲ ಮೆಟ್ಟಿಲು ಗಿಡ್ಡವಾಗುತ್ತದೆ. ಮೆಟ್ಟಿಲುಗಳ ಎತ್ತರದಲ್ಲಿ 3/8 ಇಂಚಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು ಎಂಬುದು ಇಲ್ಲಿ ಸಾಮಾನ್ಯವಾಗಿರುವ ಕಟ್ಟಡದ ನಿಯಮ.

ದೇವರ ಜಾಗ ಎಲ್ಲಿ ಎಂಬುದನ್ನೂ ಈಗಲೇ ತೀರ್ಮಾನಿಸಿ. ಊರಿನ ಕಾವಿ ನೆಲದ ಮೇಲೆ ತೀರ್ಥ, ಎಣ್ಣೆ, ಕುಂಕುಮ ಏನು ಬಿದ್ದರೂ ಒರೆಸಿದರೆ ಹೋಗುತ್ತಿತ್ತು. ಮರದ ಮೇಲೆ ಅರಿಶಿನ ನೀರು ಒಂದು ರಾತ್ರಿ ನಿಂತರೆ ಕಲೆ ಕೂತ ಹಾಗೇ. ನಾವು ಎರಡನೇ ಸಲ ನೆಲ ಮಾಡಿಸಿದಾಗ ಆ ಮೂಲೆಗೆ ಮಾತ್ರ ಮೂರಡಿಗೆ ಮೂರಡಿ ಗ್ರಾನೈಟ್ ಬಿಟ್ಟೆವು. ಅಮ್ಮ ಬಂದಾಗ ಅಲ್ಲೇ ರಂಗೋಲಿ ಹಾಕುತ್ತಾರೆ. ಉಳಿದ ನೆಲಕ್ಕೆ ಬಕೆಟ್ ನೀರು ಬೇಡ, ಹಿಂಡಿದ ಬಟ್ಟೆ ಸಾಕು ಎಂದು ಅವರನ್ನು ಒಪ್ಪಿಸಲು ಮಾತ್ರ ಒಂದು ವಾರ ಹಿಡಿಯಿತು.

ಪಾಲಿಶ್ ಮೊದಲೇ ಆಗಿ ಬರುವ ಹಲಗೆಯನ್ನು ಮೊಳೆ ಹೊಡೆದು ಕೂರಿಸಿದರೆ ಸಂಜೆಗೇ ಓಡಾಡಬಹುದು. ಮನೆಯಲ್ಲೇ ಉಜ್ಜಿ ಪಾಲಿಯುರೆಥೇನ್ ಎಂಬ ವಾರ್ನಿಶ್ ಬಳಿಯುವುದಾದರೆ ಕೆಲವು ದಿನ ಬೇರೆ ಕಡೆ ಇರಲು ವ್ಯವಸ್ಥೆ ಮಾಡಿಕೊಳ್ಳಿ. ಎಣ್ಣೆ ಆಧಾರಿತ ಬಳಿತದ ಆವಿಗೆ ಬೆಂಕಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಪೈಲಟ್ ಲೈಟ್‌ಗಳೆಲ್ಲ, ಅಂದರೆ ಗ್ಯಾಸ್ ಉಪಕರಣಗಳೊಳಗೆ ಸದಾ ಉರಿಯುವ ಪುಟ್ಟ ಜ್ವಾಲೆಗಳೆಲ್ಲ, ಆಫ್ ಇರಬೇಕು. ದೇವರ ದೀಪವೂ ಅಷ್ಟೇ, ಆ ದಿನಗಳಲ್ಲಿ ಹಚ್ಚುವ ಹಾಗಿಲ್ಲ. ಕಾರ್ತಿಕ ಮಾಸದಲ್ಲಿ ಕೆಲಸ ಇಟ್ಟುಕೊಳ್ಳಬೇಡಿ ಎನ್ನುವುದು ಇದಕ್ಕೇ.

ಹಲಗೆ ಅಳತೆಗಿಂತ ಶೇಕಡಾ 10ರಷ್ಟು ಜಾಸ್ತಿ ತರಿಸಿ, ಕತ್ತರಿಸುವಾಗ ಹಾಳಾಗುತ್ತದೆ. ಕೊನೆಗೆ ಒಂದು ಡಬ್ಬ ಉಳಿದರೆ ಎಸೆಯಬೇಡಿ, ಮುಂದೆ ಅದೇ ಬಣ್ಣ ಸಿಗುವುದು ಕಷ್ಟ. ನಮ್ಮದು ಮಂಚದ ಕೆಳಗಿದೆ. ಗರಾಜಿನಲ್ಲಂತೂ ಇಲ್ಲ.