ಮೆಟ್ಟಿಲಿಗೆ ಪಿಯು ಬಿಟ್ಟು ಹಾರ್ಡ್‌ವ್ಯಾಕ್ಸ್ ಆಯಿಲ್: ನನ್ನ ಅನುಭವ

"ಎಣ್ಣೆ ಹಚ್ಚಿದ ಮೆಟ್ಟಿಲು ಒಂದು ವರ್ಷವೂ ಬಾಳಲ್ಲ, ಪಿಯು ಹೊಡೆಸಿ" ಅಂತ ಹೇಳದ ಬಡಗಿಯೇ ಇರಲಿಲ್ಲ. (ಪಿಯು ಅಂದ್ರೆ ಪಾಲಿಯುರಿಥೇನ್, ಮರದ ಮೇಲೆ ಗಟ್ಟಿ ಪದರ ಕಟ್ಟುವ ವಾರ್ನಿಶ್.) ಎರಡು ವರ್ಷ ದಾಟಿತು, ಹಾರ್ಡ್‌ವ್ಯಾಕ್ಸ್ ಆಯಿಲ್ (ಮೇಣ ಬೆರೆಸಿದ, ಮರದೊಳಗೆ ಇಳಿಯುವ ಎಣ್ಣೆ) ಹಚ್ಚಿದ ನನ್ನ ತೇಗದ ಹಲಗೆಗಳು ಈಗಲೂ ಚೆನ್ನಾಗಿವೆ. ಅವರೇ ಈಗ ಬಂದು ಮುಟ್ಟಿ ನೋಡ್ತಾರೆ.

ಕೊಯ್ದು ಉಳಿದ ತುಂಡುಗಳಿಗೆ ಒಂದೊಂದು ಫಿನಿಶ್ ಹಚ್ಚಿ, ಎಲ್ಲರೂ ತುಳಿಯುವ ಬಾಗಿಲ ಹತ್ತಿರ ಒಂದೆರಡು ತಿಂಗಳು ಹಾಕಿಟ್ಟಿದ್ದೆ. ಮೊದಲು ಹಾಳಾಗಿದ್ದು ಫ್ರೆಂಚ್ ಪಾಲಿಶ್ (ಅರಗಿನ ಪಾಲಿಶ್): ಒದ್ದೆ ಕಾಲು ಬಿದ್ದಲ್ಲೆಲ್ಲ ಬಿಳಿ ಕಲೆ. ಬರೀ ಅಗಸೆ ಎಣ್ಣೆ ಹಚ್ಚಿದ್ದು ಕೊಳೆ ಹಿಡಿದು ಕಪ್ಪಾಯ್ತು. ಹಾರ್ಡ್‌ನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ ಪಿಯು ಗಟ್ಟಿತನದಲ್ಲಿ ಎಲ್ಲವನ್ನೂ ಮೀರಿಸಿತು, ನಿಜ. ಆದರೆ ಮುಂದಿನ ಅಂಚಲ್ಲಿ ಪದರ ಎದ್ದಾಗ ಅಷ್ಟಕ್ಕೇ ಹೊಡೆದು ನೋಡಿದೆ, ತೇಪೆ ಎದ್ದು ಕಂಡಿತು. ಸರಿಯಾಗಬೇಕಾದರೆ ಇಡೀ ಹಲಗೆ ಉಜ್ಜಬೇಕು. ಮೆಟ್ಟಿಲು ಮೊದಲು ಸವೆಯೋದೇ ಆ ಅಂಚಲ್ಲಿ. ಹಾಗಾಗಿ ಹಾರ್ಡ್‌ವ್ಯಾಕ್ಸ್ ಆಯಿಲನ್ನೇ ಆರಿಸಿಕೊಂಡೆ.

ಆಯಿಲ್ ಡಬ್ಬಿಯ ಬೆಲೆ ಪಿಯುಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಇತ್ತು. ಆದರೆ ತೆಳ್ಳಗೆ ಎಳೆದರೆ ಲೀಟರಿಗೆ ಒಂದು ಕೋಟ್ 20 ಚದರ ಮೀಟರ್‌ವರೆಗೂ ಬರುತ್ತೆ. ಸ್ಪ್ರೇ ಮಾಡುವವರ ಕೂಲಿಯೂ ಉಳಿಯಿತು. ಒಟ್ಟು ಲೆಕ್ಕದಲ್ಲಿ ಕಡಿಮೆಯೇ ಆಯ್ತು.

ಉಪ್ಪುಕಾಗದ ನಂಬರ್ 80, 120, ಕೊನೆಗೆ 150 (ನಂಬರ್ ಹೆಚ್ಚಿದಷ್ಟೂ ನುಣುಪು). ಅದಕ್ಕಿಂತ ನುಣ್ಣಗೆ ಉಜ್ಜಿದ ತುಂಡಲ್ಲಿ ಎಣ್ಣೆ ಒಳಗೆ ಇಳಿಯಲೇ ಇಲ್ಲ. ಹಲಗೆಯ ಅಡ್ಡ ಕೊಯ್ದ ತುದಿಗೆ ಮಾತ್ರ 240, ಇಲ್ಲದಿದ್ದರೆ ಎಣ್ಣೆ ಕುಡಿದು ಕಪ್ಪಾಗುತ್ತೆ. ತೇಗದಲ್ಲಿ ಅದರದ್ದೇ ಜಿಡ್ಡಿರುತ್ತೆ, ಹಾಗಾಗಿ ಹಚ್ಚುವ ಮೊದಲು ಥಿನ್ನರ್ ಬಟ್ಟೆಯಲ್ಲಿ ಒರೆಸಿದೆ. ಎರಡು ಕೋಟ್, ನಡುವೆ ಒಂದು ದಿನ. ಮಿಕ್ಕ ಎಣ್ಣೆಯನ್ನು ಒಣಬಟ್ಟೆಯಲ್ಲಿ ಪೂರ್ತಿ ತೆಗೆದೆ. ಅಂಟಂಟು ಅಂತ ದೂರುವವರು ಇಲ್ಲೇ ಆತುರ ಮಾಡ್ತಾರೆ. ಓಡಾಟ ನಿಲ್ಲಬಾರದು ಅಂತ ಒಂದು ಬಿಟ್ಟು ಒಂದು ಹಲಗೆ ಹಚ್ಚಿದೆ. ಅಂಚಿಗೆ ಮಾತ್ರ ಮೂರನೇ ಕೋಟ್ ಇದೆ, ಅದರಲ್ಲಿ ಏನು ಬೆರೆಸಿದೆ ಅನ್ನೋದು ನನ್ನಲ್ಲೇ ಇರಲಿ.

ನಡುವೆ ಇನ್ನೊಂದು ಪ್ರಯೋಗ: ವಿನೆಗರ್‌ನಲ್ಲಿ ಕಬ್ಬಿಣದ ನಾರು ನೆನೆಸಿಟ್ಟು ಆ ನೀರನ್ನು ಜಾಲಿಯ ತುಂಡಿಗೆ ಬಳಿದೆ. ಮರದ ಒಗರಿಗೆ ಅದು ತಾಗಿ ನೋಡನೋಡುತ್ತಲೇ ಕಪ್ಪಾಯ್ತು. ಮೆಟ್ಟಿಲಿಗೆ ಬೇಡ, ಸ್ಟೂಲಿಗೆ ಭಾರಿ ಚೆನ್ನ.

ಕಳೆದ ವರ್ಷ ಕೆಳಗಿನ ಎರಡು ಹಲಗೆಯ ಅಂಚು ಮಾಸಿತ್ತು. ಅಲ್ಲಷ್ಟೇ ಉಜ್ಜಿ, ಒಂದು ಚಮಚ ಎಣ್ಣೆ ತಿಕ್ಕಿದೆ. ಅರ್ಧ ಗಂಟೆಯ ಕೆಲಸ, ಎಲ್ಲಿ ಹಚ್ಚಿದ್ದು ಅಂತ ಬಡಗಿಗೂ ಗೊತ್ತಾಗಲಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದುಡಿ ಬಿಸಾಡಬೇಡಿ, ತಾನಾಗಿಯೇ ಕಾದು ಬೆಂಕಿ ಹತ್ತುತ್ತೆ. ನೀರಲ್ಲಿ ನೆನೆಸಿ, ಹೊರಗೆ ಬಿಡಿಸಿ ಒಣಗಿಸಿ.